ಬೀಗರ ಊಟಕ್ಕೆ ತಕ್ಕ ಪಿಕ್

ನನ್ನ ಹೆಂಡತಿ ಅದನ್ನು ‘ಆ ಬಿಲ್ಲೆ’ ಅನ್ನುತ್ತಾಳೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಗಿಟಾರಿನ ತಂತಿ ಮೀಟುವ, ಮೂರು ಮೂಲೆಯ ಪುಟ್ಟ ಪ್ಲಾಸ್ಟಿಕ್ ಚೂರು ಅದು. ಬಾರಿಸುವವರು ಪಿಕ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ತಂತಿಯ ಮೇಲೆ ಓಡಿದ್ದಕ್ಕಿಂತ ಹೆಚ್ಚಾಗಿ ಹಾಲು ಉಕ್ಕಿ ಸೀದ ಒಲೆಯ ಮೇಲೆ ಓಡಿದೆ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಅಂಟುಚೀಟಿ ಕೀಳುವುದಕ್ಕೂ ಅದೇ ಆಗಬೇಕು. ಒಂದು ದಿನ ನಾನು ಮನೆಯೆಲ್ಲ ತಡಕಾಡಿ, ಮಂಚದ ಕೆಳಗೆ ತಲೆ ತೂರಿಸಿ, ಸಾಕಾಗಿ ಕೂತಿದ್ದಾಗ ಅಡುಗೆಮನೆಯಿಂದ ಅವಳ ದನಿ ಬಂತು.

“ರೀ, ಇಂಥವು ಇನ್ನೊಂದೆರಡು ತನ್ನಿ. ಬಾಳ ಚೆನ್ನಾಗ್ ಕೆರೀತವೆ.”

ನಾನು ಹಾಸನದಲ್ಲಿ ಒಂದು ಕನ್ನಡಕದಂಗಡಿ ಇಟ್ಟುಕೊಂಡಿದ್ದೇನೆ. ವಾರವೆಲ್ಲ ಜನರ ಮೂಗಿನ ಮೇಲೆ ಫ್ರೇಮು ಕೂರಿಸುವುದು, ‘ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಿ ಚೆನ್ನಾಗಿ ಕಾಣುತ್ತಾ’ ಎಂದು ಕೇಳುವುದು ನನ್ನ ಕಸುಬು. ಭಾನುವಾರಗಳಲ್ಲಿ, ಲಗ್ನದ ದಿನಗಳಲ್ಲಿ ಚನ್ನರಾಯಪಟ್ಟಣದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತೇನೆ. ಆ ಆರ್ಕೆಸ್ಟ್ರಾದ ಯಜಮಾನರು ಮೂಲತಃ ಶಾಮಿಯಾನದವರು. ಪೆಂಡಾಲು, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಹಾಡು ಬರುತ್ತದೆಂದು ಹಾಡುಗಾರರಾದರು, ಆಮೇಲೆ ಹಾಡಿಗೆ ಬೇಕೆಂದು ನಮ್ಮನ್ನು ಕೂಡಿಸಿಕೊಂಡರು. ಹಾಗಾಗಿ ಅವರ ಲೆಕ್ಕದಲ್ಲಿ ನಾವೂ ಪಾತ್ರೆಗಳ ಜೊತೆ ಹೋಗಿ ಪಾತ್ರೆಗಳ ಜೊತೆ ವಾಪಸು ಬರಬೇಕಾದ ಸಾಮಾನು. ಟೆಂಪೋದಲ್ಲಿ ಹಿಟ್ಟು ಬೇಯಿಸುವ ಹಂಡೆಯ ಪಕ್ಕ ನನ್ನ ಗಿಟಾರು, ಸಾರಿನ ಸೌಟುಗಳ ಪಕ್ಕ ನಾನು ಕೂತು ಈ ಸುತ್ತಿನ ಎಷ್ಟು ಊರು ತಿರುಗಿದ್ದೇನೋ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಾಜು ಕೂದಲೆಳೆಯಷ್ಟು ಆಚೀಚೆ ಆದರೂ ಗಿರಾಕಿಗೆ ತಲೆನೋವು ಬರುವ ಕಸುಬು ಮಾಡಿ ಮಾಡಿ ನನ್ನ ಸ್ವಭಾವವೂ ಹಾಗೇ ಆಗಿದೆ. ಆರ್ಕೆಸ್ಟ್ರಾದಲ್ಲಿ ಮಿಕ್ಕವರು ‘ನಡೀತದೆ ಬುಡಿ’ ಅನ್ನುವ ಕಡೆ ನನಗೆ ನಡೆಯುವುದಿಲ್ಲ. ಒಂದು ಸ್ವರ ಮಸುಕಾದರೆ ನನಗೆ ಅದು ನಂಬರು ತಪ್ಪಿದ ಕನ್ನಡಕವೇ.

ಈ ಸ್ವಭಾವದ ಮನುಷ್ಯನಿಗೆ ದೇವರು ಶತ್ರುವನ್ನಾಗಿ ಕೊಟ್ಟಿದ್ದು ಒಂದು ಗುಂಡಿಯನ್ನು. ನಮ್ಮ ಕೀಬೋರ್ಡಿನವರ ಪೆಟ್ಟಿಗೆಯಲ್ಲಿ ಸಾಲಾಗಿ ಗುಂಡಿಗಳಿವೆ. ಒಂದು ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು. ಮೂಲೆಯಲ್ಲಿರುವ ಮತ್ತೊಂದನ್ನು ಒತ್ತಿದರೆ ಗಿಟಾರ್. ಆ ಕೀಬೋರ್ಡಿನವರು ಪಾಪದ ಮನುಷ್ಯ. ಹೊಟ್ಟೆಯಲ್ಲಿ ಹುಣ್ಣೆಂದು ವೈದ್ಯರು ಖಾರ, ಮಸಾಲೆ ಎಲ್ಲ ಬಿಡಿಸಿದ್ದರಿಂದ ಎಲ್ಲಿಗೆ ಹೋದರೂ ಡಬ್ಬಿಯಲ್ಲಿ ಮೊಸರನ್ನ ತಂದು, ಒಂದು ಮೂಲೆಯಲ್ಲಿ ಚಮಚದಲ್ಲಿ ತಿಂದು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಬಂದು ಕೂರುವವರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆ ಗುಂಡಿಯನ್ನು ಮಾತ್ರ ನಾನು ಎಂದೂ ಕ್ಷಮಿಸಿಲ್ಲ.

ನಾವು ಪ್ರತಿ ಕಾರ್ಯಕ್ರಮದಲ್ಲೂ ಹಾಡುವ ಒಂದು ಹಾಡಿದೆ. ಅದರ ಎರಡು ಚರಣಗಳ ನಡುವೆ ಗಿಟಾರಿಗೆಂದೇ ಒಂದು ಓಟ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿನಿಂದ ಕೆಳಕ್ಕಿಳಿದು, ತಿರುಗಿ ಮೇಲಕ್ಕೆ ಹತ್ತಬೇಕು. ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳಬಾರದು, ಅಕ್ಕಿ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕೇಳಬೇಕು. ಅಲ್ಲಿ ಹಾಡುವವರು ಸುಮ್ಮನಾಗುತ್ತಾರೆ, ತಬಲ ತಗ್ಗುತ್ತದೆ, ದೀಪ ನನ್ನ ಮೇಲೆ ಬೀಳುತ್ತದೆ. ದಿನವೆಲ್ಲ ಅಂಗಡಿಯಲ್ಲಿ ಬೇರೆಯವರ ಮುಖಕ್ಕೆ ಕನ್ನಡಿ ಹಿಡಿದು ನಿಲ್ಲುವವನಿಗೆ ಆ ಒಂದು ಗಳಿಗೆ ಎಷ್ಟು ದೊಡ್ಡದೆಂದು ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಹೊಳೆನರಸೀಪುರದ ಒಂದು ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಆ ಓಟ ಕೆಟ್ಟುಹೋಯಿತು. ಕೆಟ್ಟದ್ದು ಮೊದಲ ಸಲವೇನಲ್ಲ, ಆದರೆ ಅಷ್ಟು ಜೋರಾಗಿ ಕೆಟ್ಟಿರಲಿಲ್ಲ. ಪಿಕ್ ಬೆರಳ ನಡುವೆ ಪಕ್ಕಕ್ಕೆ ತಿರುಗಿಕೊಂಡು, ತಂತಿಯನ್ನು ಮೀಟುವ ಬದಲು ಕೆರೆದು, ಹಿತ್ತಲಲ್ಲಿ ಕೋಳಿ ಕೆದಕಿದ ಹಾಗೆ ಸದ್ದಾಯಿತು. ಮುಗಿದ ಮೇಲೆ ಯಜಮಾನರು ಪೆಂಡಾಲಿನ ಗೂಟ ಕೀಳಿಸುತ್ತಲೇ ನನ್ನ ಕಡೆ ನೋಡಿದರು.

“ಕನ್ನಡಕದೋರೇ, ಬೇಜಾರ್ ಮಾಡ್ಕೋಬ್ಯಾಡಿ. ಇನ್ನೊಂದ್ಸಲ ಇಂಗಾದ್ರೆ ಆ ಜಾಗನ ಕೀಬೋರ್ಡ್‌ನೋರೇ ಒತ್ಬುಡ್ಲಿ. ಟೆಂಪೋಲೂ ಒಬ್ರು ಕಮ್ಮಿ ಆಯ್ತಾರೆ, ಎಲ್ರೂ ಕಾಲ್ ನೀಡ್ಕಂಡು ಕೂತ್ಕಬೋದು.”

ಮಿಕ್ಕವರು ನಕ್ಕರು. ನಾನೂ ನಕ್ಕೆ. ಆದರೆ ಆ ಜಾಗ ಹೋದರೆ ನನಗೆ ಉಳಿಯುವುದು ಅಂಗಡಿಯ ಕನ್ನಡಿ ಮಾತ್ರ.

ತಪ್ಪು ನನ್ನ ಬೆರಳಿನದಲ್ಲ, ಪಿಕ್ಕಿನದು ಎಂದು ನಾನು ಮಾರನೆಯ ದಿನವೇ ತೀರ್ಮಾನಿಸಿದೆ. ಸಿಟ್ಟು ಬಂದಾಗ ನಾನು ವಸ್ತುಗಳ ಮೇಲೆ ತಪ್ಪು ಹೊರಿಸುವುದು ಜಾಸ್ತಿ. ಆದರೆ ಈ ಸಲ ಆರೋಪದಲ್ಲಿ ಅರ್ಧ ನಿಜವೂ ಇತ್ತು. ಅಲ್ಲಿಯವರೆಗೆ ನಾನು ಬಳಸುತ್ತಿದ್ದದ್ದು ತೆಳ್ಳಗಿನ ಪಿಕ್. ತೆಳ್ಳಗಿನದು ತಂತಿಗೆ ತಾಗಿದಾಗ ಬಾಗುತ್ತದೆ, ಬಾಗಿದ್ದು ನೆಟ್ಟಗಾಗುವ ಹೊತ್ತಿಗೆ ಮುಂದಿನ ಸ್ವರ ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಿಧಾನದ ಹಾಡಿಗೆ ಅದು ಸೊಗಸು, ಓಟಕ್ಕೆ ಕಾಲಿಗೆ ಸುತ್ತಿಕೊಂಡ ಪಂಚೆ. ವೇಗವಾಗಿ, ಚೊಕ್ಕವಾಗಿ ಬಾರಿಸಬೇಕಾದರೆ ಪಿಕ್ ದಪ್ಪ ಇರಬೇಕು, ಗಟ್ಟಿ ಇರಬೇಕು, ಗಾತ್ರದಲ್ಲಿ ಚಿಕ್ಕದಿರಬೇಕು, ತುದಿ ಚೂಪಿರಬೇಕು. ಆ ತುದಿಯೂ ತೀರಾ ಚುಚ್ಚುವಂತಿರಬಾರದು, ಅಂಚು ಇಳಿಜಾರಾಗಿದ್ದು ತಂತಿಯ ಮೇಲಿಂದ ಜಾರಿ ಹೋಗಬೇಕು. ಇಷ್ಟು ಗೊತ್ತಾದ ಮೇಲೆ ಅಂಥದ್ದು ಹಾಸನದಲ್ಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಉಳಿಯಿತು. ವಾದ್ಯದ ಅಂಗಡಿಯವರನ್ನು ಕೇಳಿದರೆ ಒಂದು ಡಬ್ಬಿ ಮುಂದಿಟ್ಟು, “ಎಲ್ಲಾ ಒಂದೇ ಸಾ, ಬಣ್ಣ ಬೇರೆ ಅಷ್ಟೆ” ಅಂದರು.

ಆಗ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸತೊಡಗಿದೆ. ತೆಂಗಿನ ಚಿಪ್ಪನ್ನು ಉಜ್ಜಿ ಒಂದು ಮಾಡಿದೆ. ಸದ್ದು ಬಹಳ ಬೆಚ್ಚಗಿತ್ತು, ಆದರೆ ಮೂರನೆಯ ಹಾಡಿಗೆ ತುದಿ ಸವೆದು ಮೊಂಡಾಯಿತು. ಅವಧಿ ಮುಗಿದ ಬ್ಯಾಂಕ್ ಕಾರ್ಡು ಕತ್ತರಿಸಿದೆ. ಅದು ಮತ್ತೆ ತೆಳ್ಳಗಿನ ಜಾತಿಯೇ. ಗೊಬ್ಬರದ ಡಬ್ಬದ ಮುಚ್ಚಳದಿಂದ ಮಾಡಿದ್ದು ಗಟ್ಟಿಯಾಗಿತ್ತು, ಆದರೆ ಹಿಡಿದ ಬೆರಳು ಸಂಜೆಯವರೆಗೂ ನಾರುತ್ತಿತ್ತು. ಹೆಂಡತಿ ಒಂದು ಹುಣಸೆ ಬೀಜ ತಂದು ಮುಂದಿಟ್ಟಳು. ತಮಾಷೆಗೆ ಇಟ್ಟಳೋ ಸಹಾಯಕ್ಕೆ ಇಟ್ಟಳೋ ಎಂದು ಈಗಲೂ ಹೇಳಲಾರೆ. ಅದನ್ನೂ ಉಜ್ಜಿ ನೋಡಿದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದಾಗ ಕಸದ ಡಬ್ಬಿಯ ಕಡೆ ಕಣ್ಣು ಹೋಯಿತು. ಹೊಸ ಫ್ರೇಮುಗಳು ಬರುವಾಗ ಅವುಗಳಲ್ಲಿ ನಂಬರಿಲ್ಲದ ಪ್ಲಾಸ್ಟಿಕ್ ಗಾಜು ಇರುತ್ತದೆ, ಬರೀ ತೋರಿಕೆಗೆ. ಗಿರಾಕಿಯ ನಂಬರಿನ ಗಾಜು ಹಾಕುವಾಗ ಅದನ್ನು ತೆಗೆದು ಬಿಸಾಡುತ್ತೇವೆ. ದಪ್ಪ, ಗಟ್ಟಿ, ಪಾರದರ್ಶಕ. ಪಕ್ಕದಲ್ಲೇ ಗಾಜಿನ ಅಂಚನ್ನು ಇಳಿಜಾರಾಗಿ ಉಜ್ಜುವ ನನ್ನ ಯಂತ್ರ! ಇಷ್ಟು ವರ್ಷ ನಾನು ಯಾರ್ಯಾರದೋ ಕಣ್ಣಿಗೆ ಮಾಡುತ್ತಿದ್ದ ಕೆಲಸವನ್ನೇ ನನ್ನ ಬೆರಳಿಗೆ ಮಾಡಿದರೆ ಮುಗಿಯಿತಲ್ಲ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಯಂತ್ರದ ಮುಂದೆ ಬಗ್ಗಿ ಗಾಜನ್ನು ಮೂರು ಮೂಲೆಯಾಗಿ ಉಜ್ಜುತ್ತಿದ್ದಾಗ, ಕನ್ನಡಕದ ಕಾಲು ಮುರಿದುಕೊಂಡು ಬಂದ ಶಾಂತಿಗ್ರಾಮದ ಒಬ್ಬ ಅಜ್ಜಿ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಬಹಳ ಹೊತ್ತು ನೋಡಿದರು.

“ಇದು ಯಾರ್ ಕಣ್ಗಪ್ಪಾ?” ಅಂದರು, ಮರುಕದಿಂದ.

ನನ್ನ ಕೈಗೇ ಅಜ್ಜಿ ಅಂದೆ. ಅವರು ಇನ್ನಷ್ಟು ಮರುಕದಿಂದ ನೋಡಿ, ಕನ್ನಡಕ ಸರಿಮಾಡಿಸಿಕೊಳ್ಳದೆ ಬೇರೆ ಅಂಗಡಿಗೆ ಹೋದರು.

ಆ ಪಿಕ್ ಬಗ್ಗೆ ನಾನು ಏನು ಹೇಳಿದರೂ ಹೊಗಳಿಕೆಯೇ ಆಗುತ್ತದೆ. ತಂತಿಗೆ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ, ಬಿಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ಓಟ ಬಿಡಿಬಿಡಿಯಾಗಿ ಬಂತು. ಅಂಗಡಿಯಲ್ಲಿ ಒಬ್ಬನೇ ಬಾರಿಸಿ, ಒಬ್ಬನೇ ತಲೆದೂಗಿದೆ. ಆದರೆ ಅದಾದ ಮೇಲೆ ಚನ್ನರಾಯಪಟ್ಟಣದಲ್ಲಿ ಮಧ್ಯಾಹ್ನ ನಡೆದ ಒಂದು ಕಾರ್ಯಕ್ರಮದಲ್ಲಿ ಅದೇ ಪಿಕ್ ಮತ್ತೆ ಬೆರಳಲ್ಲಿ ತಿರುಗಲು ನೋಡಿತು. ಹೇಗೋ ಸಂಭಾಳಿಸಿದೆ, ಯಜಮಾನರಿಗೆ ತಿಳಿಯಲಿಲ್ಲ. ಮನೆಗೆ ಬಂದು ಯೋಚಿಸುತ್ತಾ ಕೂತೆ. ಅಂಗಡಿಯಲ್ಲಿ ಸರಿ, ಸಂಜೆಯ ಆರತಕ್ಷತೆಗಳಲ್ಲಿ ಸರಿ. ಕೆಡುವುದೆಲ್ಲ ಮಧ್ಯಾಹ್ನ. ಮಧ್ಯಾಹ್ನ ಅಂದರೆ ಯಾವುದು? ಬೀಗರ ಊಟ.

ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆ ಸಸ್ಯಾಹಾರದಲ್ಲಿ ಮುಗಿಯುತ್ತದೆ, ನಿಜವಾದ ಊಟ ಅದಾದ ಮೇಲೆ ಗಂಡಿನ ಕಡೆಯವರು ಹಾಕುವ ಬಾಡೂಟ. ಅಲ್ಲಿಗೆ ಆರ್ಕೆಸ್ಟ್ರಾದವರು ಹೋದರೆ ಮೊದಲು ಎಲೆಯ ಮುಂದೆ ಕೂರಿಸುತ್ತಾರೆ, ಆಮೇಲೆ ವೇದಿಕೆಗೆ ಬಿಡುತ್ತಾರೆ. ಮುದ್ದೆ ಮುರಿದು ಮಟನ್ ಸಾರಿನಲ್ಲಿ ಹೊರಳಿಸಿ, ಮೂಳೆ ಚೀಪಿ, ಡ್ರಮ್ಮಿನ ತಣ್ಣೀರಲ್ಲಿ ಕೈ ತೊಳೆದರೆ ಕೊಬ್ಬು ಬೆರಳಿನ ಮೇಲೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ನಾನು ಕನ್ನಡಿಯಷ್ಟು ನುಣುಪಾಗಿ ಉಜ್ಜಿದ ಪಿಕ್ ಹಿಡಿದರೆ ಅದು ನಿಲ್ಲುವುದಾದರೂ ಹೇಗೆ? ಶತ್ರು ಗುಂಡಿಯಲ್ಲ, ಕುರಿಯ ಕೊಬ್ಬು ಎಂದು ಅವತ್ತು ಗೊತ್ತಾಯಿತು. ಮೊಸರನ್ನದ ಕೀಬೋರ್ಡಿನವರ ಬೆರಳು ಯಾಕೆ ಒಮ್ಮೆಯೂ ತಪ್ಪುವುದಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು.

ಇನ್ನು ಮೇಲೆ ಬಾರಿಸುವವರೆಗೆ ಬೀಗರ ಊಟದಲ್ಲಿ ಕೈ ಎಂಜಲು ಮಾಡುವುದಿಲ್ಲ ಎಂದು ನಾನು ಶಪಥ ಮಾಡಿದೆ. ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ ಆ ಶಾಂತಿಗ್ರಾಮದ ಅಜ್ಜಿಯದೇ.

“ಬೀಗರೂಟುಕ್ ಹೋಗಿ ಉಣ್ಣಲ್ಲ ಅಂದ್ರೆ ಸುಮ್ನಿರ್ತಾರೇನ್ರೀ?”

“ಆಮೇಲೆ ಉಣ್ತೀನಿ ಅಂದ್ರಾಯ್ತು.”

“ಹೂಂ. ಅನ್ನಿ,” ಅಂದಳು.

ಮುಂದಿನ ಬೀಗರ ಊಟ ಅರಕಲಗೂಡಿನ ಪಕ್ಕದ ಒಂದು ಹಳ್ಳಿಯಲ್ಲಿತ್ತು. ಶುಂಠಿ ಹೊಲದ ಪಕ್ಕದ ಬಯಲಿನಲ್ಲಿ ನಮ್ಮ ಯಜಮಾನರದೇ ಪೆಂಡಾಲು. ವೇದಿಕೆಯ ಒಂದು ಬದಿಗೆ ಬುದ್ಧನ ಪಟ, ಅದಕ್ಕೆ ದೊಡ್ಡ ಸೇವಂತಿಗೆ ಹಾರ. ಗಂಡಿನ ತಂದೆ ನಿವೃತ್ತ ಬಸ್ ಚಾಲಕರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬೆನ್ನು ನೆಟ್ಟಗೆ. ನಾವು ಟೆಂಪೋದಿಂದ ಇಳಿಯುವಾಗಲೇ ಬಂದು ಒಬ್ಬೊಬ್ಬರನ್ನೇ ಮಾತಾಡಿಸಿದರು.

“ಯಾವೂರಾಯ್ತು ಸಾ ತಮ್ದು?”

ಹಾಸನದಲ್ಲಿ ಅಂಗಡಿ ಅಂದೆ. ಅದಲ್ಲ ಸಾ, ಹುಟ್ಟಿದೂರು ಅಂದರು. ನನ್ನ ತಂದೆಯ ಊರು ಹೇಳಿದೆ. ಯಾರ ಮನೆ ಅಂದರು. ಜಮೀನು, ಪಟೇಲಿಕೆ ಎಲ್ಲ ಇದ್ದ ಮನೆ, ಆ ಸುತ್ತಿನವರಿಗೆ ಹೇಳಿದ ಕೂಡಲೇ ಗೊತ್ತಾಗುತ್ತದೆ. ಅವರಿಗೂ ಗೊತ್ತಾಯಿತು.

“ಓ, ಆ ಮನೆಯೋರಾ. ನಿಮ್ಮೂರ್ ಮ್ಯಾಲೇ ಬಸ್ ಓಡುಸ್ತಿದ್ದೆ ನಾನು,” ಅಂದರು. “ಬನ್ನಿ ಸಾ, ಮೊದ್ಲು ಉಣ್ಣಿ.”

“ಆಮೇಲೆ ಉಣ್ತೀನಿ,” ಅಂದೆ.

ಅವರು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಎಲೆ ಹಾಕೈತೆ ಸಾ ಅಂದರು. ನಾನು ತಂತಿ ಶ್ರುತಿ ಮಾಡುತ್ತಾ, ತಲೆ ಎತ್ತದೆ, ಈಗ ಬೇಡ ಅಂದೆ. ನನ್ನ ಮನಸ್ಸೆಲ್ಲ ಜೇಬಿನಲ್ಲಿದ್ದ ಗಾಜಿನ ಪಿಕ್ ಮೇಲೆ. ಮೂರನೆಯ ಸಲ ಅವರೇ ಕೈಯಲ್ಲಿ ತಟ್ಟೆ ಹಿಡಿದು ತಂದರು. ಸ್ವಲ್ಪನಾದ್ರೂ, ಶಾಸ್ತ್ರಕ್ಕೆ ಅಂದರು. ನನಗೆ ಸಣ್ಣಗೆ ಸಿಟ್ಟು ಬಂತು. “ಬೇಡ ಅಂದ್ನಲ್ಲ,” ಅಂದುಬಿಟ್ಟೆ. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಆಯ್ತು ಸಾ ಎಂದು ವಾಪಸು ಹೋದರು. ಆ ಬೆನ್ನು ಮೊದಲಿನಷ್ಟು ನೆಟ್ಟಗಿರಲಿಲ್ಲ. ಬಡಿಸುತ್ತಿದ್ದ ಹೆಂಗಸರು ನನ್ನ ಕಡೆ ನೋಡಿ, ಬೇರೆ ಕಡೆ ಮುಖ ತಿರುಗಿಸಿದರು.

ಯಜಮಾನರು ಊಟದ ಪಂಕ್ತಿಯಿಂದ ಅರ್ಧಕ್ಕೇ ಎದ್ದು, ಎಂಜಲು ಕೈಯನ್ನು ಮೇಲೆ ಹಿಡಿದುಕೊಂಡು ನನ್ನ ಬಳಿ ಓಡಿಬಂದರು.

“ಕನ್ನಡಕದೋರೇ, ತಲೆಗಿಲೆ ಕೆಟ್ಟೈತಾ? ನಡೀರಿ, ಕೂತ್ಕಳಿ.”

“ಬೆರಳು ಜಿಡ್ಡಾದ್ರೆ ಓಟ ಬರಲ್ಲ ಯಜಮಾನ್ರೇ. ನೀವೇ ಅಲ್ವಾ ಅಂದಿದ್ದು?”

“ನಿಮ್ ಓಟ ಆಳಾಗೋಗ್ಲಿ! ನೀವು ಯಾರ್ ಮನೆಯೋರು, ಇವ್ರು ಯಾರು ಅಂತ ನೋಡಿದ್ರಾ? ಬೆರಳಿನ್ ಯೋಚ್ನೆ ನಿಮ್ದು. ಇವ್ರುಗ್ ಕಾಣದು ಅದಲ್ಲ. ಜಾತಿ ನೋಡಿ ಉಣ್ದೇ ಇರೋರ್ನ ಇವ್ರು ಬಾಳ ಜನುನ್ನ ಕಂಡವ್ರೆ.”

ನಾನು ಜೀವಮಾನವಿಡೀ ಬೇರೆಯವರ ಕಣ್ಣು ಸರಿಮಾಡಿದವನು, ಎದುರಿಗೆ ತಟ್ಟೆ ಹಿಡಿದು ನಿಂತವರು ಏನು ನೋಡುತ್ತಿದ್ದಾರೆಂದು ನೋಡಲಿಲ್ಲ. ಗಿಟಾರನ್ನು ಕುರ್ಚಿಗೆ ಒರಗಿಸಿ, ಪಂಕ್ತಿಗೆ ಹೋಗಿ, ಅವರ ನೆಂಟರ ನಡುವೆ ಖಾಲಿಯಿದ್ದ ಜಾಗದಲ್ಲಿ ಕೂತೆ. ದೂರದಿಂದ ಆ ಚಾಲಕರು ನೋಡಿದರು. ಓಡಿ ಬರಲಿಲ್ಲ. ನಿಧಾನವಾಗಿ ಬಂದು ಎದುರಿಗೆ ನಿಂತರು. ನಾನು ಏನು ಹೇಳಬೇಕೋ ತೋಚದೆ, “ಹಸಿವಾಯ್ತು,” ಅಂದೆ.

“ಆಗ್ದೇ ಇರ್ತದಾ ಸಾ,” ಎಂದು ಅವರೇ ಮುದ್ದೆ ಇಕ್ಕಿದರು.

ಆ ಊಟವನ್ನು ನಾನು ಮರೆಯಲಾರೆ. ಮುಜುಗರಕ್ಕೆ ಉಣ್ಣಲು ಕೂತವನು ಎರಡನೆಯ ತುತ್ತಿಗೇ ಮುಜುಗರವನ್ನು ಮರೆತೆ. ಸಾರು ಹಾಗಿತ್ತು. ಬೇಡ ಅನ್ನುವ ಮಾತು ಆ ಪಂಕ್ತಿಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಸುರಿಯುತ್ತಿದ್ದರು. ಮುಂಗೈವರೆಗೂ ಜಿಡ್ಡಾಯಿತು. ನಲ್ಲಿ ಮೂಳೆಯೊಂದು ಹಟ ಮಾಡಿದಾಗ ಪಕ್ಕದಲ್ಲಿದ್ದ ನೆಂಟರೊಬ್ಬರು ಅದನ್ನು ಎಲೆಯ ಮೇಲೆ ಹೇಗೆ ಕುಟ್ಟಬೇಕೆಂದು ತೋರಿಸಿಕೊಟ್ಟರು. ಎದ್ದಾಗ ಬೆಲ್ಟಿನ ತೂತು ಒಂದು ಸಡಿಲಿಸಬೇಕಾಯಿತು.

ಇನ್ನು ಬಾರಿಸಬೇಕಲ್ಲ. ಸೋಪಿನಿಂದ ತೊಳೆದೆ, ಮಣ್ಣಿನಿಂದ ಉಜ್ಜಿದೆ, ಪ್ಯಾಂಟಿಗೆ ಒರೆಸಿದೆ. ಮೊದಲ ಕೆಲವು ಹಾಡು ಹೇಗೋ ದಾಟಿದವು. ಎಲ್ಲರನ್ನೂ ಉಣ್ಣಿಸಿ ಮುಗಿಸಿದ ಚಾಲಕರು ಕೊನೆಗೆ ತಮ್ಮ ತಟ್ಟೆ ಹಿಡಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಬಂದು ಕೂತರು. ಆ ಹಾಡು ಶುರುವಾಯಿತು. ಮೊದಲ ಚರಣ ಮುಗಿಯಿತು, ಯಜಮಾನರು ಸುಮ್ಮನಾದರು, ತಬಲ ತಗ್ಗಿತು. ನಾನು ಓಟ ಶುರುಮಾಡಿದೆ. ಮೇಲಿನಿಂದ ಕೆಳಗಿಳಿಯುವವರೆಗೂ ನನ್ನ ಬದುಕಿನ ಅತ್ಯಂತ ಚೊಕ್ಕ ಬಾರಿಸುವಿಕೆ ಅದು. ತಿರುಗಿ ಮೇಲಕ್ಕೆ ಹತ್ತಬೇಕು ಅನ್ನುವಾಗ ಪಿಕ್ ಬೆರಳ ನಡುವಿನಿಂದ ಚಿಮ್ಮಿ, ಬಿಸಿಲಲ್ಲಿ ಒಮ್ಮೆ ಮಿನುಗಿ, ಎಲ್ಲೋ ಹೋಯಿತು. ಪಾರದರ್ಶಕ ಗಾಜಲ್ಲವೇ, ಬಿದ್ದ ಜಾಗ ಕಾಣಲೇ ಇಲ್ಲ.

ನನ್ನ ಕೈ ಮಾತ್ರ ನಿಲ್ಲಲಿಲ್ಲ. ತಂತಿಗೆ ತಾಗದೆ, ತಂತಿಯ ಮೇಲಿನ ಗಾಳಿಯಲ್ಲಿ ಅದೇ ವೇಗದಲ್ಲಿ ಆಡುತ್ತಿತ್ತು. ಆದರೆ ಓಟ ಕೇಳಿಸುತ್ತಿತ್ತು! ಒಂದು ಸ್ವರವೂ ಬಿಡದೆ, ಬಿಡಿಬಿಡಿಯಾಗಿ ಮೇಲಕ್ಕೆ ಹತ್ತಿತು. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಕೀಬೋರ್ಡಿನವರು, ಮೊಸರನ್ನದ ಬೆರಳುಗಳಿಂದ, ನನ್ನ ಕಡೆ ನೋಡದೆ ಬಾರಿಸುತ್ತಿದ್ದರು. ಆ ಗುಂಡಿ ಒತ್ತಿಬಿಟ್ಟಿದ್ದರು. ನಾನು ಕಣ್ಣು ಮುಚ್ಚಿ, ತಲೆ ಕೊಡವಿ, ಬಾರಿಸುವವನ ಹಾಗೆ ಕೊನೆಯವರೆಗೂ ನಟಿಸಿದೆ. ಜನ ಚಪ್ಪಾಳೆ ತಟ್ಟಿದರು. ಮದುಮಗ ಶಿಳ್ಳೆ ಹೊಡೆದ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ.

ಟೆಂಪೋ ಹತ್ತುವಾಗ ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಗಿದ್ದು.

“ಉಂಡಿದ್ದು ಒಳ್ಳೇದ್ ಮಾಡುದ್ರಿ. ಆದ್ರೆ ನೀವೇ ಕೇಳುದ್ರಲ್ಲ, ಗುಂಡೀಲಿ ಎಷ್ಟ್ ಚೆನ್ನಾಗ್ ಬಂತು ಅಂತ. ಇನ್ನೊಂದೆರಡು ತಿಂಗ್ಳು ರೆಸ್ಟ್ ತಗಳಿ ಕನ್ನಡಕದೋರೇ. ಬೇಕಾದ್ರೆ ನಾನೇ ಪೋನ್ ಮಾಡ್ತೀನಿ.”

ಫೋನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಭಾನುವಾರ ನಾನು ಅಂಗಡಿ ತೆರೆದೆ. ಗಿರಾಕಿಗಳೂ ಬರಲಿಲ್ಲ. ಮನೆಗೆ ಬಂದರೆ ಹೆಂಡತಿ ಗಿಟಾರಿನ ಮೇಲೆ ಸಾಲಾಗಿ ಪಿಕ್ಕುಗಳನ್ನು ಇಟ್ಟಿದ್ದಳು, ಒಲೆ ಕೆರೆದು ಕಪ್ಪಾದವನ್ನೂ ಸೇರಿಸಿ, ಎಲ್ಲವನ್ನೂ ತೊಳೆದು ಒರೆಸಿ.

“ತಗಳಿ,” ಅಂದಳು. “ಒಲೆಗ್ ನಾನು ಬೇರೆ ಏನಾದ್ರೂ ನೋಡ್ಕತೀನಿ.”

ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅದೇ ವಾರ ಅಂಗಡಿಯ ಮುಂದೆ ಬಿಳಿ ಅಂಗಿ, ಬಿಳಿ ಪ್ಯಾಂಟು ಕಾಣಿಸಿತು. ಅರಕಲಗೂಡಿನ ಬಸ್ಸಿಗೆ ಬಂದೆ ಸಾ, ಶಾಮಿಯಾನದೋರು ಅಂಗಡಿ ಹೇಳುದ್ರು ಎಂದು ಒಳಗೆ ಬಂದು ಕೂತರು. ಕಣ್ಣು ತೋರಿಸಲು ಬಂದಿರಬೇಕೆಂದು ನಾನು ನಂಬರು ನೋಡುವ ಗಾಜುಗಳ ಪೆಟ್ಟಿಗೆ ತೆಗೆಯಹೋದೆ. ಅವರು ಅಂಗಿಯ ಜೇಬಿನಿಂದ ಕಾಗದದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ನನ್ನ ಪಿಕ್.

“ನನ್ ತಟ್ಟೆಗ್ ಬಿತ್ತು ಸಾ. ಮೂಳೆ ಚೂರು ಅಂತ ಬಾಯಿಗ್ ಹಾಕ್ಕಬುಟ್ಟಿದ್ದೆ. ಕಚ್ಚುದ್ರೆ ಅಲ್ಲಾಡ್ನಿಲ್ಲ.”

ನಾನು ಅದನ್ನು ಕೈಗೆತ್ತಿಕೊಂಡೆ. ಒಂದು ಮೂಲೆಯಲ್ಲಿ ಹಲ್ಲಿನ ಗುರುತಿತ್ತು. ಆಗ ಇನ್ನೊಂದು ವಿಷಯ ತಲೆಗೆ ಹೊಳೆಯಿತು.

“ಹಾಗಾದ್ರೆ ಆ ಓಟ...”

“ನೀವು ಬಾರಿಸ್ನಿಲ್ಲ ಅಂತ ಗೊತ್ತು ಸಾ. ಇದು ನನ್ ಬಾಯಲ್ಲಿತ್ತಲ್ಲ.” ಅವರು ನಗಲಿಲ್ಲ. “ಯಾರ್ಗೂ ಯೋಳಿಲ್ಲ ಬುಡಿ. ಕೈ ಮಾತ್ರ ಚೆನ್ನಾಗ್ ಆಡುಸ್ತಿದ್ರಿ.”

ಎದುರಿನ ಹೋಟೆಲಿನಿಂದ ಕಾಫಿ ತರಿಸಿದೆ. ಇಬ್ಬರೂ ಕುಡಿದೆವು. ಆಮೇಲೆ ಅವರು ಬಂದ ಕೆಲಸ ಹೇಳಿದರು. ದಂಡಿಗನಹಳ್ಳಿಯಲ್ಲಿ ಅವರ ತಮ್ಮನ ಮಗನ ಬೀಗರ ಊಟ. ಆರ್ಕೆಸ್ಟ್ರಾ ನಮ್ಮದೇ ಆಗಬೇಕೆಂದು ಯಜಮಾನರಿಗೆ ಹೇಳಿ ಬಂದಿದ್ದರು. ಆದರೆ ಗಿಟಾರಿನವರು ಬರಲೇಬೇಕು ಎಂದು ಸೇರಿಸಿದ್ದರು.

“ನಾನು ಈಗ ಅದರಲ್ಲಿ ಇಲ್ಲ,” ಅಂದೆ. “ಆ ಗುಂಡಿಯಲ್ಲೇ ಎಲ್ಲ ಬರುತ್ತೆ. ನೀವೇ ಕೇಳಿದ್ರಲ್ಲ, ನನಗಿಂತ ಚೆನ್ನಾಗಿ.”

ಅವರು ಲೋಟ ಕೆಳಗಿಟ್ಟರು.

“ಬಾರ್ಸಾಕೆ ಆ ಗುಂಡಿಯೋರವ್ರೆ ಸಾ. ಉಣ್ಣಾಕೆ ಯಾರವ್ರೆ?”

ಎಷ್ಟು ಬಗೆಯ ತುದಿ, ಎಷ್ಟು ಬಗೆಯ ಅಂಚು ಉಜ್ಜಿ ನೋಡಿದೆನೋ, ನನ್ನ ಜಾಗ ಉಳಿಸಿದ್ದು ಎಂಜಲಾದ ಕೈ. ಅವಮಾನವಾಗಬೇಕಿತ್ತು. ಸಂತೋಷವಾಯಿತು, ಹೇಳಲಾರದಷ್ಟು. ನಿಮ್ಮ ಕಣ್ಣು ನೋಡೋಣ ಬನ್ನಿ ಎಂದು ಕರೆದರೆ, ಡ್ರೈವರ್ ಕಣ್ಣು ಸಾ, ಇನ್ನೂ ನೆಟ್ಟಗವೆ ಎಂದು ಎದ್ದು ಹೋದರು.

ಪಿಕ್ಕಿನ ಹಿಡಿಯುವ ಜಾಗಕ್ಕೆ ನಾನು ಉಪ್ಪುಕಾಗದ ಹಾಕಿ ಉಜ್ಜಿ ತರಿತರಿ ಮಾಡಿದೆ. ಅಂದವೆಲ್ಲ ಹೋಯಿತು. ಹಲ್ಲಿನ ಗುರುತನ್ನು ಮಾತ್ರ ಹಾಗೇ ಬಿಟ್ಟೆ, ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತಿತ್ತು. ದಂಡಿಗನಹಳ್ಳಿಯಲ್ಲಿ ಟೆಂಪೋ ಇಳಿದವನೇ, ಯಾರೂ ಕರೆಯುವ ಮೊದಲೇ, ಪಂಕ್ತಿಯಲ್ಲಿ ಹೋಗಿ ಕೂತೆ. ಯಜಮಾನರು ನನ್ನನ್ನು ನೋಡಿ ತಲೆ ಚಚ್ಚಿಕೊಂಡರು. ಉಂಡೆ, ಮತ್ತೆ ಹಾಕಿಸಿಕೊಂಡು ಉಂಡೆ. ಏಳುವಾಗ ಹಂಡೆಯ ಪಕ್ಕದಿಂದ ಒಂದು ಚಿಟಿಕೆ ರಾಗಿ ಹಿಟ್ಟು ತಂದು ಬೆರಳಿಗೆ ತಿಕ್ಕಿಕೊಂಡೆ.

ಆ ಹಾಡು ಬಂತು. ತಬಲ ತಗ್ಗಿತು. ಕೀಬೋರ್ಡಿನವರು ಗುಂಡಿಯ ಮೇಲೆ ಒಂದು ಬೆರಳು ಸಿದ್ಧವಿಟ್ಟು ನನ್ನ ಕಡೆ ನೋಡಿದರು. ನಾನು ಪಿಕ್ ಹಿಡಿದು ಮುಂದಿನ ಸಾಲಿನ ಕಡೆ ನೋಡಿದೆ. ಅಲ್ಲಿ ಬಿಳಿ ಅಂಗಿಯ ಚಾಲಕರು, ನೆಟ್ಟ ಬೆನ್ನಿನಲ್ಲಿ, ನನ್ನ ಮೇಲೇ ಕಣ್ಣಿಟ್ಟು, ತಮ್ಮ ತಟ್ಟೆಯ ಮೇಲೆ ಎಡಗೈಯನ್ನು ಅಡ್ಡ ಹಿಡಿದುಕೊಂಡು ಕೂತಿದ್ದರು.